ಕೋಣೆಗೆ ಗಾಳಿ ಬರುವ ದಾರಿ ಯಾವುದು, ಹೋಗುವ ದಾರಿ ಯಾವುದು?

ಕಟ್ಟಡದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸ್ಟೆಲ್ ಮತ್ತು ಪಿಜಿ ಬಗ್ಗೆಯೇ ಇವೆ. ದಾವಣಗೆರೆಗೆ ಎಂಜಿನಿಯರಿಂಗ್, ಮೆಡಿಕಲ್, ಡೆಂಟಲ್, ಪಿಯುಸಿ ಅಂತ ಸುತ್ತಲಿನ ಎಷ್ಟೋ ಊರುಗಳಿಂದ ಮಕ್ಕಳು ಬರುತ್ತಾರೆ. ಮನೆಗಳಿದ್ದ ಬೀದಿಯಲ್ಲಿ ಈಗ ಐದು ಮಹಡಿ, ಆರು ಮಹಡಿ ಏಳುತ್ತಿವೆ. ಕಟ್ಟಿಸುವವರು ಕಾಟ್‌ಗಳ ಲೆಕ್ಕ ಹಾಕುತ್ತಾರೆ, ನೀರಿನ ಲೆಕ್ಕ ಹಾಕುತ್ತಾರೆ, ಬೈಕು ನಿಲ್ಲಿಸುವ ಜಾಗದ ಲೆಕ್ಕವನ್ನೂ ಹಾಕುತ್ತಾರೆ. ಗಾಳಿಯ ಲೆಕ್ಕ ಹಾಕುವವರು ಕಡಿಮೆ. ಅದಕ್ಕೇ ಈ ಸಲ ಅದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನಮ್ಮದು 40–60 ಸೈಟು. ಹೆಣ್ಣುಮಕ್ಕಳ ಪಿಜಿ ಕಟ್ಟಿಸುತ್ತಿದ್ದೇವೆ, ಗ್ರೌಂಡ್ ಮತ್ತು ಮೇಲೆ ಐದು ಮಹಡಿ. ನಡುವೆ ಕಾರಿಡಾರ್, ಎರಡೂ ಕಡೆ ಮೂರು ಮೂರು ಜನ ಇರುವ ಕೋಣೆಗಳು. ಬಾತ್‌ರೂಮುಗಳಿಗೆ ಅಂತ 3 ಅಡಿಗೆ 3 ಅಡಿ ಡಕ್ಟ್ ಬಿಟ್ಟಿದ್ದೇವೆ. ಸಾಕು ಅಂತ ಮೇಸ್ತ್ರಿ ಹೇಳುತ್ತಾರೆ. ನಿಜವಾಗಿಯೂ ಸಾಕಾಗುತ್ತದಾ ಸರ್?
(ಪಿಜಿ ಕಟ್ಟಿಸುತ್ತಿರುವ ಗೃಹಿಣಿ, ದಾವಣಗೆರೆ)

ಉತ್ತರ: ಸಾಲುವುದಿಲ್ಲ ಅಕ್ಕಾ. ಗೋಡೆ ಏಳುವ ಮುಂಚೆ ಕೇಳಿದ್ದೀರಿ, ಅದು ಬಹಳ ಒಳ್ಳೆಯದಾಯಿತು.

ಮೊದಲು ಕೋಣೆಯ ಲೆಕ್ಕ ನೋಡೋಣ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಅಂದರೆ 1,200 ಘನ ಅಡಿ. ಲೀಟರಿನಲ್ಲಿ ಹೇಳಿದರೆ ಸುಮಾರು 34,000 ಲೀಟರ್ ಗಾಳಿ. ಮಲಗಿರುವ ಒಬ್ಬ ಮನುಷ್ಯ ಗಂಟೆಗೆ ಹೆಚ್ಚುಕಡಿಮೆ 13 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮೂರು ಜನಕ್ಕೆ 40 ಲೀಟರ್ ಅಂತಿಟ್ಟುಕೊಳ್ಳಿ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು ಈ ಅನಿಲ ಇರುತ್ತದೆ. ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿ ಮಲಗಿದರೆ ಒಂದೊಂದು ಗಂಟೆಗೂ ಅದಕ್ಕೆ ಸುಮಾರು 1,200 ಪಾಲು ಸೇರುತ್ತಾ ಹೋಗುತ್ತದೆ. 1,000 ದಾಟಿತು ಅಂದರೆ ಕೋಣೆಗೆ ಹೊಸ ಗಾಳಿ ಸಾಲುತ್ತಿಲ್ಲ ಅಂತ ಈ ಕೆಲಸ ಮಾಡುವವರು ಹೇಳುತ್ತಾರೆ. ಅಂದರೆ ನಿಮ್ಮ ಮಕ್ಕಳು ಮಲಗಿದ ಅರ್ಧ ಗಂಟೆಗೇ ಆ ಗೆರೆ ದಾಟಿಬಿಡುತ್ತದೆ. ಸಂದಿಗೊಂದಿಯಿಂದ ಸ್ವಲ್ಪ ಗಾಳಿ ನುಗ್ಗುವುದರಿಂದ ಲೆಕ್ಕದಷ್ಟೇ ಏರುವುದಿಲ್ಲ ನಿಜ, ಆದರೆ ಬೆಳಗ್ಗೆ ಎದ್ದಾಗ ತಲೆ ಭಾರ, ಬಾಯಿ ಒಣಗಿದ ಹಾಗೆ, ಎಂಟು ಗಂಟೆ ಮಲಗಿದರೂ ನಿದ್ದೆ ಆಗದ ಹಾಗೆ ಅನಿಸುವುದಕ್ಕೆ ಇದೂ ಒಂದು ಕಾರಣ. ಒಬ್ಬರಿಗೆ ನೆಗಡಿ ಬಂದರೆ ಮೂವರಿಗೂ ಬರುವುದಕ್ಕೂ ಇದೂ ಒಂದು ಕಾರಣ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿರುತ್ತಾರೆ.

1,000ದ ಒಳಗೆ ಇರಬೇಕು ಅಂದರೆ ಆ ಕೋಣೆಯ ಗಾಳಿಯಷ್ಟನ್ನೂ ಗಂಟೆಗೆ ಎರಡು ಸಲ ಬದಲಾಯಿಸಬೇಕು. ಇದಕ್ಕೆ ಯಂತ್ರ ಬೇಕಾಗಿಲ್ಲ. ಗಾಳಿಗೆ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ದಾರಿ ಬೇಕು. ಒಂದೇ ಕಿಟಕಿ ಇದ್ದು ಬಾಗಿಲು ಮುಚ್ಚಿದ್ದರೆ, ಹೊರಗೆ ಎಷ್ಟೇ ಗಾಳಿ ಬೀಸಿದರೂ ಅದರಲ್ಲಿ ಬಹುಪಾಲು ಕಿಟಕಿಯ ಹತ್ತಿರವೇ ಓಡಾಡಿ ವಾಪಸ್ ಹೋಗುತ್ತದೆ. ಮೂಲೆಯಲ್ಲಿ ಮಲಗಿದವಳಿಗೆ ಸಿಗುವುದು ಕಡಿಮೆ. ಅದಕ್ಕೆ ಬಾಗಿಲ ಮೇಲೆ ವೆಂಟಿಲೇಟರ್ ಇಡಿಸಿ. ನಮ್ಮ ಹಳೇ ಮನೆಗಳಲ್ಲಿ ಇತ್ತು, ಈಗ ಫಾಲ್ಸ್ ಸೀಲಿಂಗ್ ಬಂದು ಹೋಗಿಬಿಟ್ಟಿದೆ.

ಕಿಟಕಿ ಎಷ್ಟು ದೊಡ್ಡದು ಬೇಕು? ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಹೀಗೆ: ಒಣ ಸೆಕೆಯ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ, ಅಷ್ಟು ಸೆಕೆಯೂ ಅಷ್ಟು ತೇವವೂ ಇಲ್ಲದ ನಡುವಿನ ಹವೆಯಲ್ಲಿ ಎಂಟನೇ ಒಂದು ಭಾಗ. ನಿಮ್ಮ 120 ಚದರಡಿ ಕೋಣೆಗೆ 12ರಿಂದ 15 ಚದರಡಿ ಆಯಿತು. ಇಲ್ಲಿ ಒಂದು ಮಾತು ಮರೆಯಬೇಡಿ. ಸ್ಲೈಡಿಂಗ್ ಕಿಟಕಿ ಹಾಕಿಸಿದರೆ ಅದರಲ್ಲಿ ತೆರೆಯುವುದು ಅರ್ಧ ಮಾತ್ರ. 15 ಚದರಡಿ ಕಿಟಕಿಗೆ ದುಡ್ಡು ಕೊಟ್ಟು ಏಳೂವರೆ ಚದರಡಿ ಗಾಳಿ ತೆಗೆದುಕೊಂಡ ಹಾಗೆ. ಹಳೇ ಕಾಲದ ಹಾಗೆ ರೆಕ್ಕೆ ತೆರೆಯುವ ಕಿಟಕಿಯೇ ಹಾಕಿಸಿ. ಸೊಳ್ಳೆ ಪರದೆಯ ಖರ್ಚನ್ನು ಕಿಟಕಿಯ ಖರ್ಚಿನಲ್ಲೇ ಸೇರಿಸಿ. ಪರದೆ ಇಲ್ಲದ ಕಿಟಕಿಯನ್ನು ಮಕ್ಕಳು ಸಂಜೆ ಆರಕ್ಕೆ ಮುಚ್ಚುತ್ತಾರೆ, ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನು ಡಕ್ಟ್, ಅಂದರೆ ಬಾತ್‌ರೂಮುಗಳ ಗಾಳಿಗೆ ಅಂತ ಕೆಳಗಿನಿಂದ ತಾರಸಿವರೆಗೆ ಬಿಡುವ ಗಾಳಿಗುಂಡಿ. ಆರು ಅಂತಸ್ತು ಅಂದರೆ ಸುಮಾರು 18 ಮೀಟರ್ ಎತ್ತರ. ಅಷ್ಟು ಎತ್ತರಕ್ಕೆ ಗಾಳಿಗುಂಡಿ ಕನಿಷ್ಠ 4 ಚದರ ಮೀಟರ್ ಇರಬೇಕು, ಕಿರಿದಾದ ಬದಿ ಒಂದೂವರೆ ಮೀಟರಿಗಿಂತ ಕಡಿಮೆ ಆಗಬಾರದು ಅಂತ ಅದೇ ಸಂಹಿತೆ ಹೇಳುತ್ತದೆ. ಅಂದರೆ ಸುಮಾರು 43 ಚದರಡಿ. ನೀವು ಬಿಟ್ಟಿರುವುದು 9 ಚದರಡಿ. ಮೂರಂತಸ್ತಿನ ಮನೆಗೂ ಅದು ಕಡಿಮೆಯೇ. ಅಷ್ಟು ಸಣ್ಣ ಗುಂಡಿಯಲ್ಲಿ ನಾಲ್ಕು ಪೈಪು ಇಳಿದರೆ ಉಳಿಯುವುದು ಎಷ್ಟು? ಕೆಳಗಿನ ಮಹಡಿಯ ವಾಸನೆ ಮೇಲಿನ ಮಹಡಿಯ ಬಾತ್‌ರೂಮಿಗೆ ಬರುತ್ತದೆ. ಮಳೆ ಬರುತ್ತದೆ ಅಂತ ಮೇಲೆ ಶೀಟ್ ಮುಚ್ಚಿದರಂತೂ ಮುಗಿಯಿತು. ಮುಚ್ಚಲೇಬೇಕು ಅಂದರೆ ಶೀಟನ್ನು ಎರಡು ಅಡಿ ಎತ್ತರಿಸಿ, ನಾಲ್ಕೂ ಕಡೆ ಬಿಟ್ಟಿರಿ. ಇನ್ನೊಂದು, ಈ ಗುಂಡಿ ಬಾತ್‌ರೂಮಿಗೆ ಮಾತ್ರ. ಮಲಗುವ ಕೋಣೆಯ ಇರುವ ಒಂದೇ ಕಿಟಕಿಯನ್ನು ಅದಕ್ಕೆ ತೆರೆಸಬೇಡಿ.

ನಿಮ್ಮ ಕಟ್ಟಡ 15 ಮೀಟರ್ ದಾಟಿದ್ದರಿಂದ ಸಂಹಿತೆಯ ಪ್ರಕಾರ ಅದು ಬಹುಮಹಡಿ ಕಟ್ಟಡ. ಬೆಂಕಿಯ ನಿಯಮಗಳು ಬಿಗಿಯಾಗುತ್ತವೆ. ಇದಕ್ಕೂ ಗಾಳಿಗೂ ನೇರ ಸಂಬಂಧ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಮಹಡಿಯ ಮನೆಯಲ್ಲಿ ಮೆಟ್ಟಿಲಿನ ಮೇಲೆ ಕಿಟಕಿ ಬಿಟ್ಟರೆ ಬಿಸಿಗಾಳಿ ಅಲ್ಲಿಂದ ಮೇಲೆ ಹೋಗುತ್ತದೆ, ಮನೆ ತಂಪಾಗುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯ ಚಿಮಣಿ ಕೆಲಸ ಮಾಡುವುದೂ ಹೀಗೇ. ಬಿಸಿಗಾಳಿ ಹಗುರ, ಮೇಲೆ ಹೋಗುತ್ತದೆ, ಕೆಳಗಿಂದ ತಣ್ಣನೆಯ ಗಾಳಿಯನ್ನು ಎಳೆಯುತ್ತದೆ. ಆದರೆ ಆರು ಅಂತಸ್ತಿನ ಪಿಜಿಯಲ್ಲಿ ಕೆಳಗೆ ಅಡುಗೆಮನೆಯಲ್ಲೋ ಮೀಟರ್ ಬೋರ್ಡಿನಲ್ಲೋ ಬೆಂಕಿ ಹೊತ್ತಿದರೆ ಅದೇ ಮೆಟ್ಟಿಲು ಹೊಗೆಯ ಚಿಮಣಿ ಆಗುತ್ತದೆ, ಮಕ್ಕಳು ಇಳಿಯಬೇಕಾದ ದಾರಿಯೇ ಹೊಗೆ ತುಂಬಿ ಮುಚ್ಚಿಹೋಗುತ್ತದೆ. ಹಾಗಾಗಿ ಮೆಟ್ಟಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇರಲಿ, ಅದಕ್ಕೆ ಕಲ್ಲು ಇಟ್ಟು ತೆರೆದಿಡುವ ಅಭ್ಯಾಸ ಬೇಡ. ಗಾಳಿಯನ್ನು ಮೆಟ್ಟಿಲಿನಿಂದ ತರಿಸಬೇಡಿ, ಕಾರಿಡಾರಿನಿಂದ ತರಿಸಿ. ಕಾರಿಡಾರಿನ ಎರಡೂ ತುದಿ ಹೊರಗೆ ತೆರೆದಿರಲಿ. ಆಗ ಕೋಣೆಯ ಕಿಟಕಿಯಿಂದ ಬಂದ ಗಾಳಿ ವೆಂಟಿಲೇಟರ್ ದಾಟಿ, ಕಾರಿಡಾರ್ ಹಿಡಿದು ಹೊರಗೆ ಹೋಗುತ್ತದೆ. ಹೊಗೆ ಬಂದರೂ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ.

ನನ್ನನ್ನು ಕೇಳಿದರೆ, ಒಂದೇ ಕಡೆ ಕೋಣೆ, ಇನ್ನೊಂದು ಕಡೆ ತೆರೆದ ಪಡಸಾಲೆ ಮಾಡಿ ಅನ್ನುತ್ತೇನೆ. ಹಳೇ ಸರಕಾರಿ ಹಾಸ್ಟೆಲ್‌ಗಳು, ಶಾಲೆಗಳು ಹಾಗೇ ಇದ್ದವು. ಕೆಲವು ಕಾಟ್ ಕಡಿಮೆಯಾಗುತ್ತವೆ, ಬಾಡಿಗೆ ಕಡಿಮೆಯಾಗುತ್ತದೆ, ಅದು ನನಗೂ ಗೊತ್ತು. ಸಾಲ ತೆಗೆದು ಕಟ್ಟುವವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೂ ಒಮ್ಮೆ ನಿಮ್ಮ ಎಂಜಿನಿಯರ್ ಕೈಲಿ ಆ ನಕ್ಷೆಯನ್ನೂ ಬರೆಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಓದುತ್ತಿದ್ದೇನೆ ಸರ್. ಕೋಣೆ ಟಾಪ್ ಫ್ಲೋರ್, ಪಶ್ಚಿಮಕ್ಕೆ ಕಿಟಕಿ. ಏಪ್ರಿಲ್‌ನಲ್ಲಿ ರಾತ್ರಿ ಎರಡು ಗಂಟೆವರೆಗೂ ಫ್ಯಾನಿನಿಂದ ಬಿಸಿಗಾಳಿಯೇ ಬರುತ್ತದೆ. ಓದೋಕೂ ಆಗಲ್ಲ, ಮಲಗೋಕೂ ಆಗಲ್ಲ. ಕೂಲರ್ ತಗೊಳ್ಳಲಾ?
(ಬಿ.ಎಸ್‌ಸಿ. ವಿದ್ಯಾರ್ಥಿ)

ಉತ್ತರ: ತಮ್ಮಾ, ಬೇಸಿಗೆಯಲ್ಲಿ ಒಂದು ಸಂಜೆ ಕೋಟೆಗೆ ಹೋಗು. ಸೂರ್ಯ ಮುಳುಗಿದ ಮೇಲೆ ಬಂಡೆಯ ಮೇಲೆ ಕೈ ಇಟ್ಟು ನೋಡು. ಗಾಳಿ ತಣ್ಣಗಾಗಿರುತ್ತದೆ, ಬಂಡೆ ಇನ್ನೂ ಬಿಸಿ ಇರುತ್ತದೆ. ನಿನ್ನ ತಲೆಯ ಮೇಲಿರುವ ಆರ್‌ಸಿಸಿ ತಾರಸಿಯೂ ಅಂಥದ್ದೇ ಒಂದು ಬಂಡೆ. ಬೆಳಗ್ಗೆಯಿಂದ ಬಿಸಿಲು ಕುಡಿಯುತ್ತದೆ, ಆ ಬಿಸಿ ನಿಧಾನಕ್ಕೆ ಇಳಿದು ಕೆಳಗಿನ ಮುಖಕ್ಕೆ ಬರುವಷ್ಟರಲ್ಲಿ ಸಂಜೆ ಆಗಿರುತ್ತದೆ. ನೀನು ಪುಸ್ತಕ ತೆಗೆಯುವ ಹೊತ್ತಿಗೇ ಅದು ಬಿಸಿ ಬಿಡಲು ಶುರು ಮಾಡುತ್ತದೆ. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಮೈಮೇಲಿನ ಬೆವರು ಆರಿಸುತ್ತದೆ ಅಷ್ಟೇ. ಸೀಲಿಂಗಿನ ಹತ್ತಿರ ನಿಂತ ಬಿಸಿಗಾಳಿಯನ್ನು ಕೆಳಗೆ ತಳ್ಳುತ್ತದೆ. ನೀನು ಹೇಳಿದ್ದು ಅದನ್ನೇ.

ನಮ್ಮ ಭಾಗದಲ್ಲಿ ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಎರಡರ ನಡುವೆ ಮಧ್ಯಾಹ್ನದಲ್ಲಿ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ಬೇಸಿಗೆಯ ಬಿಸಿಲಿನ ಜಾಸ್ತಿ ಪಾಲು ತಾರಸಿಗೆ, ಉಳಿದಿದ್ದರಲ್ಲಿ ಜಾಸ್ತಿ ಪಾಲು ಪೂರ್ವ, ಪಶ್ಚಿಮ ಗೋಡೆಗೆ. ನಿನಗೆ ಎರಡೂ ಸಿಕ್ಕಿವೆ.

ಮೊದಲು ತಾರಸಿಗೆ ಬಿಳಿ ಬಳಿಸಬೇಕು. ಇದನ್ನು ಮಾಲೀಕರ ಹತ್ತಿರ ಕೇಳು, ನಾಲ್ಕು ಜನ ಸೇರಿ ಕೇಳಿ. ಸುಣ್ಣವೇ ಆದರೂ ಸರಿ, ಎರಡು ಕೋಟ್ ಬಳಿದರೆ ಬಿಸಿಲಿನ ದೊಡ್ಡ ಪಾಲು ವಾಪಸ್ ಹೋಗುತ್ತದೆ. ಮಳೆಗೆ ತೊಳೆದುಹೋಗುತ್ತದೆ, ಫೆಬ್ರವರಿ ಕೊನೆಗೆ ಪ್ರತಿವರ್ಷ ಬಳಿಸಬೇಕು. ಒಂದೇ ಸಲ ಖರ್ಚು ಮಾಡುವವರಿದ್ದರೆ ಬಿಳಿ ಹೆಂಚಿನ ಚೂರು ಹಾಸಿಸಬಹುದು.

ಪಶ್ಚಿಮದ ಕಿಟಕಿಗೆ ಒಳಗೆ ಪರದೆ ಹಾಕಿದರೆ ಪ್ರಯೋಜನ ಕಡಿಮೆ. ಬಿಸಿಲು ಗಾಜು ದಾಟಿ ಒಳಗೆ ಬಂದುಬಿಟ್ಟಿರುತ್ತದೆ, ಪರದೆ ಬಿಸಿಯಾಗಿ ಕೋಣೆಗೇ ಬಿಸಿ ಕೊಡುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು. ಬಿದಿರಿನ ಚಾಪೆಯೋ, ನರ್ಸರಿಗಳಲ್ಲಿ ಹಾಕುವ ಹಸಿರು ನೆಟ್ಟೋ, ಕಿಟಕಿಯ ಹೊರಗೆ ಒಂದು ಅಡಿ ಬಿಟ್ಟು ಕಟ್ಟು. ಸಂಜೆಯ ಸೂರ್ಯ ಕೆಳಗಿಂದ ಹೊಡೆಯುವುದರಿಂದ ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ.

ಹಗಲು ಹನ್ನೊಂದರಿಂದ ಸಂಜೆವರೆಗೆ ಕಿಟಕಿ ಮುಚ್ಚಿಡು, ಹೊರಗಿನ ಗಾಳಿ ಕೋಣೆಗಿಂತ ಬಿಸಿ ಇರುತ್ತದೆ. ರಾತ್ರಿ ಎರಡೂ ಕಡೆ ತೆರೆ. ದುರ್ಗದವರಿಗೆ ಗಾಳಿಗೆ ಬರ ಇಲ್ಲ, ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಲೇ ಇದ್ದೀಯ. ಆ ಗಾಳಿ ನಿನ್ನ ಕೋಣೆಗೆ ನುಗ್ಗಲು ದಾರಿ ಕೊಡಬೇಕು ಅಷ್ಟೇ. ಟೇಬಲ್ ಫ್ಯಾನ್ ಇದ್ದರೆ ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಇಡು. ಕೋಣೆಯ ಬಿಸಿಗಾಳಿಯನ್ನು ಅದು ಹೊರಗೆ ನೂಕುತ್ತದೆ, ಬಾಗಿಲ ಕಡೆಯಿಂದ ತಣ್ಣನೆಯದು ಬರುತ್ತದೆ.

ಕೂಲರ್ ಮಾರ್ಚ್, ಏಪ್ರಿಲ್ ಒಣ ಹವೆಯಲ್ಲಿ ಕೆಲಸ ಮಾಡುತ್ತದೆ. ಕಿಟಕಿ ಮುಚ್ಚಿಕೊಂಡು ಹಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆಯೆಲ್ಲ ತೇವ ತುಂಬಿ ಇನ್ನೂ ಉಸಿರುಕಟ್ಟುತ್ತದೆ. ಕೂಲರ್ ಒಂದು ಕಡೆ ಇದ್ದರೆ ಎದುರು ಕಡೆ ತೆರೆದಿರಲೇಬೇಕು. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲು, ಡೆಂಗಿ ಸೊಳ್ಳೆಗೆ ನಿಂತ ನೀರೇ ಬೇಕು. ಆದರೆ ಮೊದಲು ತಾರಸಿ. ಸುಣ್ಣ ಬಳಿಸದೆ ಕೂಲರ್ ತರಬೇಡ.

ನಮ್ಮ ಕಡೆಯ ಮಾಳಿಗೆ ಮನೆ ನೋಡಿದ್ದೀಯಾ? ಮಣ್ಣಿನ ದಪ್ಪ ಮಾಳಿಗೆ, ನಡುವೆ ಗವಾಕ್ಷಿ. ಮಣ್ಣು ಬಿಸಿಯನ್ನು ತಡೆಯುತ್ತಿತ್ತು, ಗವಾಕ್ಷಿಯಿಂದ ಒಲೆಯ ಹೊಗೆ, ಬಿಸಿಗಾಳಿ ಮೇಲೆ ಹೋಗುತ್ತಿತ್ತು, ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಮುಚ್ಚಿ ಬರುತ್ತಿದ್ದರು. ಎರಡು ಕೆಲಸ, ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ. ಈಗಿನ ಕಟ್ಟಡದಲ್ಲಿ ಎರಡನ್ನೂ ಬಿಟ್ಟು ಸುಮ್ನೆ ಫ್ಯಾನಿಗೆ ಒಪ್ಪಿಸಿದ್ದೇವೆ.

ಪ್ರಶ್ನೆ: ನಾನು ಹಾಸ್ಟೆಲ್ ವಾರ್ಡನ್. ಗ್ರೌಂಡ್ ಮತ್ತು ಆರು ಮಹಡಿ, 140 ಹುಡುಗಿಯರು. ತಾರಸಿಯ ಮೇಲೆ ಸೋಲಾರ್ ಇದೆ. ಮೇಲಿನ ಎರಡು ಮಹಡಿಗೆ ಬಿಸಿನೀರು ಸಿಗುತ್ತದೆ, ಕೆಳಗಿನವರಿಗೆ ತಣ್ಣೀರೇ. ದಿನಾ ಬೆಳಗ್ಗೆ ಜಗಳ. ದಾರಿ ಹೇಳಿ.
(ವಾರ್ಡನ್, ದಾವಣಗೆರೆ)

ಉತ್ತರ: ಮೇಡಂ, ನಿಮ್ಮ ಸೋಲಾರ್ ಸರಿಯಾಗಿಯೇ ಇರಬಹುದು. ತೊಂದರೆ ಪೈಪಿನಲ್ಲಿ. ತಾರಸಿಯಿಂದ ಕೆಳಗೆ 21 ಮೀಟರ್ ಇಳಿಯುವ ಒಂದಿಂಚಿನ ಪೈಪಿನಲ್ಲಿ ಸುಮಾರು 10 ಲೀಟರ್ ನೀರು ನಿಂತಿರುತ್ತದೆ. ರಾತ್ರಿಯೆಲ್ಲ ಅದು ಆರಿಹೋಗಿರುತ್ತದೆ. ಕೆಳಗಿನ ಹುಡುಗಿ ಬೆಳಗ್ಗೆ ಐದಕ್ಕೆ ನಲ್ಲಿ ತಿರುಗಿಸಿದರೆ ಮೊದಲು ಅಷ್ಟೂ ತಣ್ಣೀರು ಬರಬೇಕು, ಅಡ್ಡ ಪೈಪಿನದು ಬೇರೆ. ಅರ್ಧ ಬಕೆಟ್ ಚೆಲ್ಲಿ, ಇಲ್ಲ ಅಂತ ಬೇಸತ್ತು ಬಿಟ್ಟುಬಿಡುತ್ತಾಳೆ. ಮೇಲಿನವರು ಮಾತ್ರ ಅಷ್ಟರಲ್ಲಿ ಎರಡು ಬಕೆಟ್ ತುಂಬಿಸಿಕೊಂಡಿರುತ್ತಾರೆ.

ಇದಕ್ಕೆ ವಾಪಸ್ ಪೈಪು ಬೇಕು. ಬಿಸಿನೀರಿನ ಪೈಪು ಕೆಳಗೆ ಮುಟ್ಟಿದ ಮೇಲೆ ಇನ್ನೊಂದು ತೆಳು ಪೈಪು ಅದನ್ನು ತಾರಸಿಯ ಟ್ಯಾಂಕಿಗೆ ವಾಪಸ್ ತರಬೇಕು, ನಡುವೆ ಒಂದು ಸಣ್ಣ ಪಂಪು. ಬೆಳಗ್ಗೆ ನಾಲ್ಕೂವರೆಯಿಂದ ಎಂಟರವರೆಗೆ ಮಾತ್ರ ಓಡುವ ಹಾಗೆ ಟೈಮರ್ ಹಾಕಿಸಿ. ಆಗ ಎಲ್ಲ ಮಹಡಿಯ ನಲ್ಲಿಯ ಹತ್ತಿರವೂ ಬಿಸಿನೀರು ಕಾದಿರುತ್ತದೆ. ಜೊತೆಗೆ ಇಡೀ ಪೈಪಿಗೆ ಕಪ್ಪು ಫೋಮ್ ಸುತ್ತಿಸಿ, ಬಿಸಿಲು ಬೀಳುವ ಕಡೆ ಅದರ ಮೇಲೆ ಅಲ್ಯೂಮಿನಿಯಂ ತಗಡು. ಇಲ್ಲದಿದ್ದರೆ ಫೋಮ್ ಪುಡಿಯಾಗಿ ಉದುರುತ್ತದೆ.

ಇನ್ನೊಂದು ಕಳ್ಳ ಇರುತ್ತಾನೆ. ಮಿಕ್ಸರ್ ನಲ್ಲಿಗಳಲ್ಲಿ ತಣ್ಣೀರಿನ ಟ್ಯಾಂಕು ಬಿಸಿನೀರಿನ ಟ್ಯಾಂಕಿಗಿಂತ ಎತ್ತರದಲ್ಲಿದ್ದರೆ ತಣ್ಣೀರಿನ ಒತ್ತಡ ಜಾಸ್ತಿಯಾಗಿ ಅದು ಬಿಸಿನೀರಿನ ಪೈಪಿಗೇ ನುಗ್ಗುತ್ತದೆ. ಒಬ್ಬರು ಮಿಕ್ಸರ್ ಅರ್ಧ ತೆರೆದಿಟ್ಟರೆ ಇಡೀ ಸಾಲಿಗೆ ತಣ್ಣೀರು. ಪ್ರತಿ ಬಾತ್‌ರೂಮಿನ ಬಿಸಿನೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಹಾಕಿಸಿ. ಈ ಎರಡು ಕೆಲಸ ಮಾಡಿಸಿ ಒಂದು ವಾರ ನೋಡಿ, ಆಮೇಲೆ ಹೊಸ ಸೋಲಾರ್ ಬೇಕಾ ಬೇಡವಾ ಯೋಚಿಸಿ.

ಮಳೆಗಾಲದ ಮೋಡದ ದಿನಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಬ್ಬರಿಗೆ 42 ಡಿಗ್ರಿಯ ನೀರು 25 ಲೀಟರ್ ಅಂದರೆ 140 ಜನಕ್ಕೆ 3,500 ಲೀಟರ್. 25 ಡಿಗ್ರಿಯ ನೀರನ್ನು ಅಷ್ಟು ಕಾಯಿಸಲು ಸುಮಾರು 70 ಯೂನಿಟ್ ಕರೆಂಟ್ ಬೇಕು, ದಿನಕ್ಕೆ. ಕಾಯಿಲ್ ಹಾಕಿ ಕಾಯಿಸಿದರೆ ಅಷ್ಟೂ ಬಿಲ್ಲಿಗೆ ಬರುತ್ತದೆ. ಹೀಟ್ ಪಂಪ್ ಅಂತ ಒಂದು ಯಂತ್ರ ಇದೆ, ಎಸಿಯನ್ನು ತಿರುಗಿಸಿದ ಹಾಗೆ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ. ಆಗ 70ರ ಜಾಗದಲ್ಲಿ 23, 24 ಯೂನಿಟ್ ಸಾಕು. ಮಹಡಿ ಏರಿದಂತೆ ಜನ ಹೆಚ್ಚುತ್ತಾರೆ, ತಾರಸಿ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಎತ್ತರದ ಹಾಸ್ಟೆಲ್‌ಗೆ ಬರೀ ಸೋಲಾರ್ ನಂಬುವುದಕ್ಕಿಂತ ಸೋಲಾರ್ ಜೊತೆ ಹೀಟ್ ಪಂಪ್ ಒಳ್ಳೆಯ ಜೋಡಿ. ಬೋರ್ ನೀರು ಗಡಸಾಗಿದ್ದರೆ ಮೊದಲು ಸಾಫ್ಟನರ್, ಇಲ್ಲದಿದ್ದರೆ ಸುಣ್ಣ ಕಟ್ಟಿ ಎರಡೂ ಕೆಡುತ್ತವೆ.

ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟಬೇಕು. ಕರೆಂಟ್ ಉಳಿಸಲು 40ಕ್ಕೆ ಇಟ್ಟರೆ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೋನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರ್‌ನ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ.

ಪ್ರಶ್ನೆ: ಮಗನ ಪಿಜಿಯಲ್ಲಿ ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಇದೆ. ಪರವಾಗಿಲ್ಲವಾ?
(ತಾಯಿ, ಹೊಳಲ್ಕೆರೆ)

ಉತ್ತರ: ಪರವಾಗಿಲ್ಲ ಅನ್ನುವ ಹಾಗಿಲ್ಲ ತಾಯಿ, ಅಪಾಯ ಇದೆ. ಇವತ್ತೇ ಫೋನ್ ಮಾಡಿ, ಅದನ್ನು ಹಚ್ಚಬೇಡ ಅಂತ ಹೇಳಿ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಬೇಗ ಕಡಿಮೆಯಾಗಿ ಗ್ಯಾಸ್ ಅರ್ಧಂಬರ್ಧ ಉರಿಯುತ್ತದೆ. ಆಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಲೀಕ್ ಆದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದು ಕೂತುಬಿಡುತ್ತದೆ. ತಲೆ ಸುತ್ತು ಬಂದು ಕೂರುವಷ್ಟರಲ್ಲಿ ಕೈಕಾಲು ಆಡುವುದಿಲ್ಲ, ಚಿಲಕ ತೆಗೆಯಲೂ ಆಗುವುದಿಲ್ಲ. ಹೀಗೆ ಸತ್ತವರ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ, ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಪೈಪಿನಷ್ಟು ದೂರದಲ್ಲಿ ಜೀವ ಉಳಿಯುತ್ತಿತ್ತಲ್ಲ ಅನಿಸುತ್ತದೆ.

ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗೆ, ತೆರೆದ ಜಾಗದಲ್ಲಿ ಇರಬೇಕು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಮೊದಲು ಹೇಳಿದ ಡಕ್ಟ್ ಇದೆಯಲ್ಲ, ಅದರೊಳಗೂ ಇಡಬಾರದು, ಹೊಗೆ ಮೇಲಿನ ಮಹಡಿಯ ಬಾತ್‌ರೂಮಿಗೆ ಹೋಗುತ್ತದೆ. ಮಾಲೀಕರು ಒಪ್ಪದಿದ್ದರೆ ಕೋಣೆ ಬದಲಾಯಿಸಿ ತಾಯಿ, ಅಡ್ವಾನ್ಸ್ ಹೋದರೂ ಹೋಗಲಿ.

ಪ್ರಶ್ನೆ: ನನ್ನ ಮಗಳು ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಳೆ. ಎತ್ತರದ ಕಟ್ಟಡ, ಚಳಿಗಾಲವೆಲ್ಲ ಕಿಟಕಿ ಮುಚ್ಚಿಯೇ ಇರುತ್ತದೆ, ಗಾಳಿ ಮಷಿನ್‌ನಿಂದ ಬರುತ್ತದೆ ಅನ್ನುತ್ತಾಳೆ. ನೀವು ಯಾವಾಗಲೂ ಕಿಟಕಿ ತೆರೆಯಿರಿ ಅನ್ನುತ್ತೀರಿ. ಅವಳ ಆರೋಗ್ಯಕ್ಕೆ ತೊಂದರೆ ಇಲ್ಲವಾ? ಅಂಥದ್ದನ್ನು ನಮ್ಮಲ್ಲೂ ಕಟ್ಟಬಹುದಾ?
(ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ಮಷಿನ್ ಸರಿಯಾಗಿದ್ದರೆ ತೊಂದರೆ ಇಲ್ಲ. ಗಾಳಿ ಬರುವ ದಾರಿ, ಹೋಗುವ ದಾರಿ ಎರಡೂ ಅಲ್ಲೂ ಇವೆ, ಕಿಟಕಿಯ ಬದಲು ಕೊಳವೆಯಲ್ಲಿವೆ ಅಷ್ಟೇ.

ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪದಲ್ಲಿ ಕಾರ್ನೆಲ್ ಟೆಕ್ ಕ್ಯಾಂಪಸ್ಸಿನ ವಾಸದ ಕಟ್ಟಡ ಒಂದಿದೆ. 26 ಮಹಡಿ, 2017ರಲ್ಲಿ ತೆರೆಯಿತು. ವಿದ್ಯಾರ್ಥಿಗಳು, ಅಧ್ಯಾಪಕರು ಅಲ್ಲಿ ಇರುತ್ತಾರೆ. ಪ್ಯಾಸಿವ್ ಹೌಸ್ ಅನ್ನುವ ಜರ್ಮನ್ ಪದ್ಧತಿಯಲ್ಲಿ ಅದನ್ನು ಕಟ್ಟಿದ್ದಾರೆ. ಆ ಪದ್ಧತಿಯ ಮೊದಲ ಮನೆಗಳು 1991ರಲ್ಲಿ ಡಾರ್ಮ್‌ಸ್ಟಾಟ್ ಊರಿನಲ್ಲಿ ಆದವು. ಗೋಡೆಗೆ ದಪ್ಪ ಹೊದಿಕೆ, ಸಂದಿ ಇಲ್ಲದ ಕಟ್ಟಡ, ಮೂರು ಪದರ ಗಾಜಿನ ಕಿಟಕಿ, ಜೊತೆಗೆ ದಿನವಿಡೀ ಹೊಸ ಗಾಳಿ ತರುವ ಯಂತ್ರ. ಆ ಯಂತ್ರದಲ್ಲಿ ಹೊರಗೆ ಹೋಗುವ ಬೆಚ್ಚಗಿನ ಗಾಳಿಯೂ ಒಳಗೆ ಬರುವ ತಣ್ಣನೆಯ ಗಾಳಿಯೂ ತೆಳು ಹಾಳೆಗಳ ಆಚೆ ಈಚೆ ಹರಿಯುತ್ತವೆ. ಗಾಳಿಗಳು ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಒಳಗೆ 20 ಡಿಗ್ರಿ, ಹೊರಗೆ 0 ಇದ್ದರೆ, ಬರುವ ಗಾಳಿ 15 ಡಿಗ್ರಿಗೂ ಹೆಚ್ಚು ಬೆಚ್ಚಗಾಗಿ ಕೋಣೆಗೆ ಬರುತ್ತದೆ. ಉಳಿದ ಸ್ವಲ್ಪವನ್ನು ಹೀಟರ್ ಕೊಟ್ಟರೆ ಸಾಕು.

ಅಷ್ಟು ಬಿಗಿಯಾಗಿ ಯಾಕೆ ಕಟ್ಟಬೇಕು? ಮತ್ತೆ ಮಂಡಕ್ಕಿ ಭಟ್ಟಿಯ ಚಿಮಣಿಗೇ ಬನ್ನಿ. ಚಿಮಣಿ ಎತ್ತರ ಇದ್ದಷ್ಟೂ, ಒಳಗೂ ಹೊರಗೂ ಬಿಸಿಯ ವ್ಯತ್ಯಾಸ ಇದ್ದಷ್ಟೂ ಎಳೆತ ಜಾಸ್ತಿ. 80 ಮೀಟರ್ ಎತ್ತರದ ಕಟ್ಟಡ, ಒಳಗಿಗಿಂತ ಹೊರಗೆ 25 ಡಿಗ್ರಿ ಕಡಿಮೆ ಅಂದರೆ ಕಟ್ಟಡವೇ ದೊಡ್ಡ ಚಿಮಣಿ. ಕೆಳಗಿನ ಬಾಗಿಲುಗಳಿಂದ ಕೊರೆಯುವ ಗಾಳಿ ನುಗ್ಗುತ್ತದೆ, ಲಿಫ್ಟ್ ಗುಂಡಿ, ಮೆಟ್ಟಿಲು ಹಿಡಿದು ಮೇಲೇರುತ್ತದೆ, ಮೇಲಿನ ಮಹಡಿಯ ಸಂದಿಗಳಿಂದ ಬೆಚ್ಚಗಿನ ಗಾಳಿ ಹೊರಗೆ ಹೋಗುತ್ತದೆ. ಕೆಳಗಿನವರು ನಡುಗುತ್ತಾರೆ, ಮೇಲಿನವರು ಬೆವರುತ್ತಾರೆ. ಅದಕ್ಕೇ ಅಲ್ಲಿ ಒಂದೊಂದು ಮಹಡಿಯನ್ನೂ ಬಿಗಿ ಮಾಡಿ, ಗಾಳಿಯನ್ನು ಅಳತೆ ಮಾಡಿ ಕೊಡುತ್ತಾರೆ. ಮಗಳಿಗೆ ಒಂದೇ ಮಾತು ಹೇಳಿ, ಗಾಳಿ ಬರುವ ಜಾಲರಿಗೆ ಬಟ್ಟೆ ತುರುಕಬೇಡ, ಫಿಲ್ಟರ್ ಬದಲಾಯಿಸಿದ್ದಾರಾ ಅಂತ ಕೇಳುತ್ತಿರು.

ನಮ್ಮಲ್ಲಿ 18 ಮೀಟರ್ ಕಟ್ಟಡ, ರಾತ್ರಿ ಒಳಗೂ ಹೊರಗೂ ಐದಾರು ಡಿಗ್ರಿ ವ್ಯತ್ಯಾಸ. ಎಳೆತ ಅಲ್ಲಿಯದರ ಇಪ್ಪತ್ತರಲ್ಲಿ ಒಂದು ಪಾಲೂ ಸರಿಯಾಗಿ ಇರುವುದಿಲ್ಲ. ಹಾಗಾಗಿ ನಾವು ಚಿಮಣಿಯ ಎಳೆತವನ್ನು ನೆಚ್ಚುವಂತಿಲ್ಲ, ಬೀಸುವ ಗಾಳಿಯನ್ನೇ ಹಿಡಿಯಬೇಕು. ಮಳೆಗಾಲದಲ್ಲಿ ಅದು ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಆ ದಿಕ್ಕಿಗೆ ಕಿಟಕಿ, ಆದರೆ ಬಿಸಿಲಿಗೆ ಮರೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕೋಣೆಗೆ ಹೀಟರ್ ಬೇಕಾಗಿಲ್ಲ, ಮೂರು ಜನರ ಮೈ ಬಿಸಿಯೇ ಇನ್ನೂರು ವಾಟ್‌ಗೂ ಜಾಸ್ತಿ ಇರುತ್ತದೆ. ಕೆಳಗಿನ ಕಿಟಕಿ ಮುಚ್ಚಿ, ಮೇಲಿನ ವೆಂಟಿಲೇಟರ್ ತೆರೆದಿಟ್ಟು, ಒಂದು ಕಂಬಳಿ ಹೊದ್ದರೆ ಆಯಿತು. ಆ ದೇಶದ ಗಾಜಿನ ಕಟ್ಟಡದ ಫೋಟೋ ನೋಡಿ ಇಲ್ಲಿ ಗಾಜು ಹೊದಿಸುವವರಿದ್ದಾರೆ, ಅದು ಮಾತ್ರ ಬೇಡ. ನಮ್ಮೂರಲ್ಲೇ ಗಾಜಿನ ಮನೆ ಇದೆ, ಅಂಥದ್ದು ಗಿಡಗಳಿಗೆ ಚೆನ್ನ, ಮಲಗುವ ಮಕ್ಕಳಿಗೆ ಅಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕೋಣೆಯ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಳಗೇ ಒಣಗಿಸುತ್ತೇವೆ, ಬೇರೆ ಜಾಗ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇದೆ, ಆದರೂ ಹೀಗೆ.
(ಡಿಪ್ಲೊಮಾ ವಿದ್ಯಾರ್ಥಿನಿ)

ಉತ್ತರ: ಕೈಯಲ್ಲಿ ಹಿಂಡಿದ ಒಂದು ಬಕೆಟ್ ಬಟ್ಟೆಯಲ್ಲಿ ಎರಡು ಮೂರು ಲೀಟರ್ ನೀರಾದರೂ ಉಳಿದಿರುತ್ತದೆ ಮಗಳೇ. ಅಷ್ಟೂ ಕೋಣೆಯ ಗಾಳಿಗೆ, ಅಲ್ಲಿಂದ ತಣ್ಣನೆಯ ಗೋಡೆಗೆ. ಬಟ್ಟೆಯನ್ನು ಬಾತ್‌ರೂಮಿನಲ್ಲಿ ಹಾಕಿ ಎಕ್ಸಾಸ್ಟ್ ಹಚ್ಚಿ. ಆದರೆ ನಿಮ್ಮ ಬಾತ್‌ರೂಮ್ ಬಾಗಿಲ ಕೆಳಗೆ ಸಂದಿ ಇದೆಯಾ ನೋಡಿ. ಸಂದಿ ಇಲ್ಲದಿದ್ದರೆ ಫ್ಯಾನು ಸುಮ್ನೆ ತಿರುಗುತ್ತದೆ, ಗಾಳಿ ಒಳಗೆ ಬಂದರೆ ತಾನೇ ಅದು ಹೊರಗೆ ಹಾಕುವುದು? ಬಡಗಿ ಹತ್ತಿರ ಬಾಗಿಲ ಕೆಳಗೆ ಮುಕ್ಕಾಲು ಇಂಚು ಕತ್ತರಿಸಲು ಹೇಳಿ. ಡಕ್ಟಿಗೆ ಗಾಳಿ ಬಿಡುವ ಫ್ಯಾನಾದರೆ ಹಿಂದೆ ತಾನಾಗಿ ಮುಚ್ಚುವ ರೆಕ್ಕೆ ಇರಲಿ, ಇಲ್ಲದಿದ್ದರೆ ಬೇರೆಯವರ ಬಾತ್‌ರೂಮಿನ ತೇವ ನಿಮ್ಮ ಕಡೆಗೇ ಬರುತ್ತದೆ. ಕಾಟ್ ಮತ್ತು ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ.

ಪ್ರಶ್ನೆ: ಜೂನ್‌ನಲ್ಲಿ ತಂಗಿಗೆ ಪಿಜಿ ಹುಡುಕಬೇಕು. ಹೋದ ತಕ್ಷಣ ಗಾಳಿ ಚೆನ್ನಾಗಿದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ?
(ಓದುಗ, ಹರಿಹರ)

ಉತ್ತರ: ಜೇಬಿನಲ್ಲಿ ಎರಡು ಊದುಬತ್ತಿ ಇಟ್ಟುಕೊಂಡು ಹೋಗಿ. ಕಿಟಕಿ ತೆರೆದು, ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ತಂಗಿ ಮಲಗುವ ಕಾಟ್‌ನ ತಲೆಯ ಹತ್ತಿರ ಒಂದನ್ನು ಹಚ್ಚಿ. ಹೊಗೆ ಒಂದು ದಿಕ್ಕಿಗೆ ವಾಲಿ ಹೋದರೆ ಅಲ್ಲಿ ಗಾಳಿ ಓಡಾಡುತ್ತಿದೆ. ನೇರ ಮೇಲೆ ಹೋಗಿ ಸೀಲಿಂಗಿನ ಕೆಳಗೆ ಸುತ್ತುತ್ತಾ ನಿಂತರೆ ಇಲ್ಲ. ಎರಡನೆಯದನ್ನು ಎಕ್ಸಾಸ್ಟ್ ಹಚ್ಚಿ ಬಾತ್‌ರೂಮ್ ಬಾಗಿಲ ಕೆಳಗೆ ಹಿಡಿಯಿರಿ, ಹೊಗೆ ಒಳಗೆ ಎಳೆದುಕೊಳ್ಳಬೇಕು. ಹೋಗುವುದಾದರೆ ಸಂಜೆ ಐದರ ಮೇಲೆ ಹೋಗಿ, ಪಶ್ಚಿಮದ ಗೋಡೆಯನ್ನೂ ಸೀಲಿಂಗನ್ನೂ ಮುಟ್ಟಿ ನೋಡಿ. ಕಿಟಕಿಯ ಗ್ರಿಲ್‌ನಲ್ಲಿ ಒಂದು ಕಡೆಯಾದರೂ ಒಳಗಿಂದ ತೆರೆಯುವ ಬಾಗಿಲು ಇದೆಯಾ, ಮೆಟ್ಟಿಲಲ್ಲಿ ಸಿಲಿಂಡರ್, ಹಳೇ ಹಾಸಿಗೆ ಪೇರಿಸಿದ್ದಾರಾ ಅನ್ನುವುದನ್ನೂ ಇಳಿಯುವಾಗ ನೋಡಿಕೊಳ್ಳಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಅಡ್ವಾನ್ಸ್ ಮಾತು ಆಮೇಲೆ ಆಡಿ.